ಹಿತ್ತಲಿನ ಓತಿಕ್ಯಾತ, ಹಲ್ಲಿ, ಹಾವುರಾಣಿ: ಐದು ಬಗೆಯ ಕ್ಯಾಮೆರಾ ಹಿಡಿದು ನೋಡಿದ್ದು

ನಮ್ಮ ಮನೆ ಇರುವುದು ತುಮಕೂರಿನಿಂದ ದೇವರಾಯನದುರ್ಗದ ಕಡೆ ಹೋಗುವ ದಾರಿಯಲ್ಲಿ. ಹಿತ್ತಲು ದೊಡ್ಡದೇನಲ್ಲ. ಎರಡು ತೆಂಗಿನ ಮರ, ಒಂದು ಕರಿಬೇವು, ಒಂದು ನುಗ್ಗೆ, ದಾಸವಾಳದ ಒಂದು ಸಾಲು, ಬಟ್ಟೆ ಒಗೆಯೋ ಕಲ್ಲು. ಸುತ್ತಲೂ ಕಲ್ಲುಚಪ್ಪಡಿಯ ಬೇಲಿ. ನಮ್ಮ ಕಡೆ ತೋಟಕ್ಕೂ ಮನೆಗೂ ಇದೇ ಬೇಲಿ. ಬೆಳಗ್ಗೆ ಎಂಟರ ಹೊತ್ತಿಗೆ ಆ ಚಪ್ಪಡಿಗಳ ತುದಿಗೆ ಮೊದಲ ಬಿಸಿಲು ಬೀಳುತ್ತದೆ. ಆಗ ಅಲ್ಲಿ ಒಂದಾದರೂ ಓತಿಕ್ಯಾತ ಕೂತಿರುತ್ತದೆ. ‘ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ’ ಅನ್ನೋ ಗಾದೆ ಕಟ್ಟಿದವರು ಇಂಥದ್ದೇ ಬೆಳಗು ನೋಡಿರಬೇಕು.

ಎರಡು ವರ್ಷದಿಂದ ನಾನು ಇವುಗಳ ಫೋಟೊ ತೆಗೆಯುತ್ತಿದ್ದೇನೆ. ಶುರುವಾಗಿದ್ದು ಕೈಯಲ್ಲಿದ್ದ ಫೋನಿನಿಂದ. ಆಮೇಲೆ ಫೋನಿಗೆ ಸಿಕ್ಕಿಸುವ ಪುಟ್ಟ ಲೆನ್ಸ್. ಆಮೇಲೆ ಹಕ್ಕಿ ನೋಡುವ ಹುಚ್ಚಿರುವ ತಮ್ಮ ಎರಡು ತಿಂಗಳಿಗೆ ಕೊಟ್ಟ ಸೂಪರ್ ಜೂಮ್ ಕ್ಯಾಮೆರಾ. ನಂತರ ಹಳೆಯ ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ, ಅದರ ಜೊತೆ 55-250 ಎಂ.ಎಂ. ಜೂಮ್ ಲೆನ್ಸ್ ಕೊಂಡೆ (ಈ ಎಂ.ಎಂ. ಲೆಕ್ಕ ಏರಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಕೊನೆಗೆ ಬೆಂಗಳೂರಿನಿಂದ ಮೂರು ದಿನಕ್ಕೆ 100 ಎಂ.ಎಂ. ಮ್ಯಾಕ್ರೊ ಲೆನ್ಸ್, ಅಂದರೆ ಸಣ್ಣದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೋರಿಸುವಂಥದ್ದು, ಬಾಡಿಗೆಗೆ ತಂದೆ. ಐದನ್ನೂ ಇದೇ ಹಿತ್ತಲಿನಲ್ಲಿ, ಇವೇ ಪ್ರಾಣಿಗಳ ಮೇಲೆ ಹಿಡಿದು ನೋಡಿದ್ದೇನೆ.

ನಾನು ಮೊದಲು ತಿಳಿದಿದ್ದು, ಎಷ್ಟು ದೊಡ್ಡದಾಗಿ ತೋರಿಸುತ್ತದೋ ಅಷ್ಟು ಒಳ್ಳೆ ಲೆನ್ಸ್ ಅಂತ. ಈಗ ಹಾಗೆ ಅನ್ನಿಸುವುದಿಲ್ಲ. ಓತಿಕ್ಯಾತ ತನ್ನ ಪಾಡಿಗೆ ತಾನಿರಲು ನಮ್ಮನ್ನು ಎಷ್ಟು ದೂರದಲ್ಲಿ ಇಡುತ್ತದೆ, ಆ ದೂರದಿಂದ ಯಾವ ಲೆನ್ಸ್ ಅದನ್ನು ತುಂಬಿಕೊಳ್ಳುತ್ತದೆ, ಇದೇ ಮುಖ್ಯ ಲೆಕ್ಕ.

ಯಾರು ಎಷ್ಟು ಹತ್ತಿರ ಬಿಡುತ್ತಾರೆ

ಅಡುಗೆಮನೆ ಗೋಡೆಯ ಹಲ್ಲಿ ಎರಡು ಮೊಳ ದೂರದವರೆಗೂ ಸುಮ್ಮನಿರುತ್ತದೆ. ರಾತ್ರಿ ಟ್ಯೂಬ್‌ಲೈಟ್ ಹತ್ತಿರ ಹುಳ ಹಿಡಿಯುವಾಗಂತೂ ನಮ್ಮ ಕಡೆ ಗಮನವೇ ಇರುವುದಿಲ್ಲ. ಬೇಲಿಯ ಓತಿಕ್ಯಾತ ಒಂದು ಮಾರು ದೂರಕ್ಕೆ ಬಂದರೆ ತಲೆ ಎತ್ತುತ್ತದೆ. ಇನ್ನೂ ಮುಂದಕ್ಕೆ ಹೋದರೆ ಚಪ್ಪಡಿಯ ಆಚೆ ಬದಿಗೆ ಜಾರಿಕೊಂಡು ಅಲ್ಲಿಂದ ಒಂದೇ ಕಣ್ಣಲ್ಲಿ ಇಣುಕುತ್ತದೆ. ಹಾವುರಾಣಿ ಕಾಣುವುದಕ್ಕಿಂತ ಮೊದಲು ಕೇಳುತ್ತದೆ. ತೆಂಗಿನ ಮಟ್ಟೆ ರಾಶಿಯಲ್ಲಿ ಸರಸರ ಅಂದರೆ ಅದೇ. ಸದ್ದು ಬಂದ ಕಡೆ ತಿರುಗುವಷ್ಟರಲ್ಲಿ ಬಾಲ ಮಾತ್ರ ಕಾಣುತ್ತದೆ.

ಎಲ್ಲಕ್ಕಿಂತ ಹುಷಾರು ಬಂಡೆ ಓತಿ. ಇದು ಬೇಲಿಯ ಓತಿಕ್ಯಾತವಲ್ಲ. ಸ್ವಲ್ಪ ಚಪ್ಪಟೆ ಮೈ, ಬಂಡೆಗೆ ಅಂಟಿಕೊಂಡ ಹಾಗೆ ಕೂರುತ್ತದೆ. ವಿಜ್ಞಾನದಲ್ಲಿ ಇದರ ಹೆಸರು ಸ್ಯಾಮೊಫಿಲಸ್ ಡಾರ್ಸಾಲಿಸ್. ಬೆದೆಗಾಲದಲ್ಲಿ ಗಂಡಿನ ಬೆನ್ನು ಕೆಂಪು, ಕಿತ್ತಳೆ, ಹಳದಿಗೆ ತಿರುಗುತ್ತದೆ, ಪಕ್ಕಗಳು ಕಪ್ಪು. ಹೆಣ್ಣು ಕಂದು, ಬಂಡೆಯ ಬಣ್ಣ. ನಮ್ಮ ಹಿತ್ತಲಿನ ಮೂಲೆಯಲ್ಲಿ ಮನೆ ಕಟ್ಟುವಾಗ ಉಳಿದ ಸೈಜುಗಲ್ಲಿನ ಗುಡ್ಡೆ ಇದೆ. ಅಲ್ಲಿ ಒಂದು ಗಂಡು, ಎರಡು ಹೆಣ್ಣು ಇವೆ. ಐದು ಮೀಟರಿಗಿಂತ ಹತ್ತಿರ ಹೋದರೆ ಮೂರೂ ಕಲ್ಲಿನ ಸಂದಿ ಸೇರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾರಿಯಾ ಠಾಕರ್ ಅವರ ತಂಡ ಇವುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಎದುರಿಗೆ ಹೆಣ್ಣಿದ್ದರೆ ಒಂದು ಬಗೆ, ಇನ್ನೊಂದು ಗಂಡಿದ್ದರೆ ಬೇರೆ ಬಗೆಯಲ್ಲಿ ಬಣ್ಣ ಬದಲಿಸುತ್ತದೆ ಅಂತ ಅವರು ತೋರಿಸಿದ್ದಾರೆ. ಹಾಗಾಗಿ ಹೆದರಿ ಓಡಿದ ಬಂಡೆ ಓತಿಯ ಫೋಟೊದಲ್ಲಿ ಆ ಬಣ್ಣದ ಕತೆಯೇ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಓತಿಕ್ಯಾತವನ್ನು ಗೋಸುಂಬೆ ಅನ್ನುವವರು ಜಾಸ್ತಿ. ಗೋಸುಂಬೆಯೇ ಬೇರೆ. ಅದರ ಕಣ್ಣು ಗೂಡಿನ ಹಾಗೆ ಹೊರಗೆ ಚಾಚಿರುತ್ತದೆ, ಒಂದೊಂದು ಒಂದೊಂದು ಕಡೆ ತಿರುಗುತ್ತದೆ, ಬಾಲ ಸುರುಳಿ ಸುತ್ತುತ್ತದೆ, ನಡಿಗೆ ತೂಗಾಡುತ್ತಾ ನಿಧಾನ. ಬೇಲಿಯ ಮೇಲೆ ದಂಡ ಹೊಡೆಯುವ ಹಾಗೆ ಮೈ ಎತ್ತಿ ಇಳಿಸುವುದು ಓತಿಕ್ಯಾತ. ಬೆದೆಗಾಲದಲ್ಲಿ ಗಂಡಿನ ತಲೆ, ಹೆಗಲು ಕೆಂಪಾಗಿ ಗಂಟಲ ಪಕ್ಕ ಕಪ್ಪು ಮಚ್ಚೆ ಬರುತ್ತದೆ. ಆ ಕೆಂಪು ನೋಡಿ ‘ರಕ್ತ ಹೀರುತ್ತೆ’ ಅಂತ ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದರು. ಹುಡುಗರು ಕಲ್ಲು ಹೊಡೆಯುತ್ತಿದ್ದರು. ಅದು ಹಿಡಿಯುವುದು ಇರುವೆ, ಮಿಡತೆ, ಜಿರಳೆ. ಹೊಡೆಸಿಕೊಳ್ಳುವಂಥ ತಪ್ಪೇನೂ ಅದು ಮಾಡಿಲ್ಲ.

ಫೋನು

ಫೋನನ್ನು ನಾನು ಕಡೆಗಣಿಸುವುದಿಲ್ಲ. ಎರಡು ಕೆಲಸಕ್ಕೆ ಉಳಿದ ನಾಲ್ಕಕ್ಕಿಂತ ಇದೇ ಮೇಲು.

ಒಂದು, ಕಿಟಕಿಯ ಗಾಜಿನ ಹಲ್ಲಿ. ರಾತ್ರಿ ಹೊರಗಿನಿಂದ ಗಾಜಿಗೆ ಹಲ್ಲಿ ಅಂಟಿಕೊಂಡಿರುತ್ತದೆ. ನಾವು ಒಳಗೆ. ಮಧ್ಯೆ ಗಾಜು ಇರುವುದರಿಂದ ಫೋನನ್ನು ನಾಲ್ಕು ಬೆರಳು ಹತ್ತಿರ ಒಯ್ದರೂ ಅದು ಹೆದರುವುದಿಲ್ಲ. ಹೊಟ್ಟೆಯ ಕಡೆಯಿಂದ ಕಾಲ್ಬೆರಳು ಪೂರ್ತಿ ಕಾಣುತ್ತದೆ. ಬೆರಳಿನ ತಳದಲ್ಲಿ ಅಡ್ಡಡ್ಡ ಪಟ್ಟಿಗಳಿವೆ, ಅವು ನಡುವೆ ಸೀಳಿ ಎರಡೆರಡು ಸಾಲಾಗಿವೆ. ಆ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಹಲ್ಲಿ ಗಾಜಿಗೆ ಅಂಟುವುದು ಅವುಗಳ ಬಲದಿಂದ. ಅಂಟೂ ಇಲ್ಲ, ಗಾಳಿ ಎಳೆಯುವುದೂ ಇಲ್ಲ. ಯಾವ ಜಾತಿ ಹಲ್ಲಿ ಎಂದು ಗುರುತಿಸುವವರು ಮೊದಲು ಕೇಳುವುದೂ ಇದೇ ತಳದ ಫೋಟೊ. ಗಂಡಾದರೆ ತೊಡೆಯ ಕೆಳಗೆ ಚುಕ್ಕಿ ಚುಕ್ಕಿ ಸಾಲು ಕಾಣುತ್ತದೆ. ಸಾವಿರಾರು ರೂಪಾಯಿಯ ಲೆನ್ಸ್ ಇದ್ದರೂ ಗೋಡೆಯ ಮೇಲಿನ ಹಲ್ಲಿಯಲ್ಲಿ ಇದು ಕಾಣದು. ನಮ್ಮ ಅಡುಗೆಮನೆ ಕಿಟಕಿಯಲ್ಲಿ ಫೋನು ಸಾಕು. ಫ್ಲ್ಯಾಶ್ ಮಾತ್ರ ಆರಿಸಿ, ಇಲ್ಲದಿದ್ದರೆ ಗಾಜಿನ ಹೊಳಪು ಎಲ್ಲವನ್ನೂ ನುಂಗುತ್ತದೆ. ಒಳಗಿನ ದೀಪ ಆರಿಸಿ, ಹೊರಗಿನ ದೀಪ ಉರಿಯಲಿ.

ಎರಡು, ಓತಿಕ್ಯಾತ ದಂಡ ಹೊಡೆಯುವ ವಿಡಿಯೊ. ಈಗಿನ ಬಹಳ ಫೋನುಗಳಲ್ಲಿ ನಿಧಾನ ಚಲನೆಯ ವಿಡಿಯೊ ಬರುತ್ತದೆ. ಫೋನನ್ನು ಚಪ್ಪಡಿಯಿಂದ ಎರಡು ಅಡಿ ದೂರದಲ್ಲಿ ಒಂದು ಇಟ್ಟಿಗೆಗೆ ಒರಗಿಸಿ, ವಿಡಿಯೊ ಹಚ್ಚಿ, ನಾನು ಒಳಗೆ ಬಂದುಬಿಡುತ್ತೇನೆ. ಮನುಷ್ಯ ಇಲ್ಲದಿದ್ದರೆ ಫೋನು ಅದಕ್ಕೆ ಇನ್ನೊಂದು ಕಲ್ಲು ಅಷ್ಟೇ. ಹೀಗೆ ಇಟ್ಟ ಒಂದು ದಿನ ಎರಡು ಗಂಡುಗಳು ಎದುರುಬದುರಾಗಿ ಮೈ ಉಬ್ಬಿಸಿ ನಿಂತದ್ದು ಪೂರ್ತಿ ಸಿಕ್ಕಿತು.

ಉಳಿದಂತೆ ಫೋನು ಸೋಲುತ್ತದೆ. ಬೆರಳಲ್ಲಿ ಎಳೆದು ದೊಡ್ಡದು ಮಾಡಿದರೆ ಹುರುಪೆಗಳೆಲ್ಲ ಕಲಸಿ ಬಣ್ಣ ಬಳಿದ ಹಾಗಾಗುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ‘ಮ್ಯಾಕ್ರೊ’ ಅಂತ ಹಾಕಿರುವ 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ನಂಬಿ ಫೋನು ಕೊಳ್ಳಬೇಡಿ. ಬೇಕಾದರೆ ಮೂರು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ದೂರದ್ದನ್ನು ಹತ್ತಿರ ತರುವ ನಿಜವಾದ ಟೆಲಿ ಲೆನ್ಸ್ ಇರುವುದನ್ನು ನೋಡಿ.

ಫೋನಿಗೆ ಸಿಕ್ಕಿಸುವ ಲೆನ್ಸ್

ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಟ್ಟೆ ಕ್ಲಿಪ್ಪಿನ ಹಾಗೆ ಫೋನಿಗೆ ಕಚ್ಚಿಸಬೇಕು. ಇರುವೆಗೆ, ದಾಸವಾಳದ ಬಿಳಿ ಹೇನಿಗೆ ಚೆನ್ನಾಗಿದೆ. ಫೋಕಸ್ ಆಗುವುದು ಎರಡು ಮೂರು ಬೆರಳಿನಷ್ಟು ಹತ್ತಿರ ಹೋದಾಗ ಮಾತ್ರ. ಯಾವ ಓತಿಕ್ಯಾತವೂ ಅಷ್ಟು ಹತ್ತಿರ ಬಿಡುವುದಿಲ್ಲ. ಆದ್ದರಿಂದ ನಾನು ಹಲ್ಲಿಯ ಮೇಲೆ ಪ್ರಯತ್ನ ಮಾಡಿದೆ.

ಮಾಡಬಾರದಿತ್ತು. ಬಚ್ಚಲಮನೆಯ ಮೂಲೆಯಲ್ಲಿ ಒಂದು ಹಲ್ಲಿ ಕೂತಿತ್ತು. ಎರಡು ಕಡೆ ಗೋಡೆ, ಮೂರನೆಯ ಕಡೆ ನನ್ನ ಕೈ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಲೆನ್ಸನ್ನು ಇನ್ನೂ ಹತ್ತಿರ ಒಯ್ದೆ. ಅದು ಬಾಲ ಕಳಚಿ ನನ್ನ ಮಣಿಕಟ್ಟಿನ ಮೇಲಿಂದಲೇ ಓಡಿತು. ಕೆಳಗೆ ಬಿದ್ದ ಬಾಲ ಎಷ್ಟೋ ಹೊತ್ತು ಒದ್ದಾಡಿತು. ನೋಡುತ್ತಾ ನಿಂತೆ, ಹೊಟ್ಟೆಯಲ್ಲಿ ಸಂಕಟವಾಯಿತು. ಹಲ್ಲಿ ಬಾಲದಲ್ಲಿ ಕೊಬ್ಬು ಕೂಡಿಟ್ಟಿರುತ್ತದೆ. ಊಟ ಸಿಗದ ದಿನಕ್ಕೆ ಅದೇ ಆಧಾರ. ಬಾಲ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಹೊಸ ಬಾಲದೊಳಗೆ ಮೂಳೆಯ ಕೊಂಡಿಗಳು ಇರುವುದಿಲ್ಲ, ಮೆದುಮೂಳೆಯ ಒಂದು ಕಡ್ಡಿ ಇರುತ್ತದೆ. ಬಣ್ಣವೂ ಹಳೆಯದಕ್ಕೆ ಹೊಂದುವುದಿಲ್ಲ. ಹಾವುರಾಣಿಯೂ ಹೀಗೇ ಬಾಲ ಕಳಚುತ್ತದೆ. ಒಂದು ಫೋಟೊಗೋಸ್ಕರ ಅದರ ಕೂಡಿಟ್ಟ ಗಂಟನ್ನೇ ಕಿತ್ತುಕೊಂಡ ಹಾಗಾಯಿತು. ಆ ಲೆನ್ಸ್ ಈಗ ನನ್ನ ಮಗಳ ಬಳಿ ಇದೆ, ಅವಳು ಹೂವಿನ ಪರಾಗ ನೋಡುತ್ತಾಳೆ. ಹಲ್ಲಿ ಓತಿಗಳಿಗೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಸೂಪರ್ ಜೂಮ್

ತಮ್ಮನ ಕ್ಯಾಮೆರಾ 83 ಪಟ್ಟು ಜೂಮ್ ಇರುವಂಥದ್ದು. ಪೂರ್ತಿ ಎಳೆದರೆ 2000 ಎಂ.ಎಂ.ಗೆ ಸಮ. ಹಾಗೆ ಪೂರ್ತಿ ಎಳೆದಾಗ ಕನಿಷ್ಠ 5 ಮೀಟರ್ ದೂರ ಬೇಕು, ಅದಕ್ಕಿಂತ ಹತ್ತಿರದ್ದು ಫೋಕಸ್ ಆಗುವುದಿಲ್ಲ. ಮೊದಲ ದಿನ ಇದು ನನಗೆ ಗೊತ್ತಿರಲಿಲ್ಲ. ಎರಡು ಮೀಟರಿನಲ್ಲಿ ನಿಂತು ಕ್ಯಾಮೆರಾ ಕೆಟ್ಟಿದೆ ಅಂತ ತಮ್ಮನಿಗೆ ಫೋನ್ ಮಾಡಿದೆ. ‘ಅಕ್ಕಾ, ಹಿಂದಕ್ಕೆ ಹೋಗು’ ಅಂದ.

ಹಿಂದಕ್ಕೆ ಹೋದ ಮೇಲೆ ಬಂಡೆ ಓತಿ ಮೊದಲ ಬಾರಿಗೆ ನನ್ನದಾಯಿತು. ಐದು ಮೀಟರಿನಿಂದ ಚೌಕಟ್ಟಿನಲ್ಲಿ ಹೆಚ್ಚೂಕಡಿಮೆ ಒಂದು ಅಂಗೈ ಅಗಲದಷ್ಟು ಜಾಗ ತುಂಬುತ್ತದೆ. ಅಂದರೆ ಬಂಡೆ ಓತಿಯ ತಲೆ, ಹೆಗಲು, ಮುಂಗಾಲು. ಬಚ್ಚಲಮನೆ ಬಾಗಿಲಲ್ಲಿ ಮಣೆ ಹಾಕಿ ಕೂತರೆ ಸೈಜುಗಲ್ಲಿನ ಗುಡ್ಡೆ ಸರಿಯಾಗಿ ಆರು ಮೀಟರ್. ಅಲ್ಲಿಂದ ಅದು ತನ್ನ ಕೆಲಸ ತಾನು ಮಾಡುತ್ತದೆ. ಹೆಣ್ಣು ಬಂದಾಗ ಬಣ್ಣ ಏರಿದ್ದು, ಕಾಗೆ ನೆರಳು ಬಿದ್ದ ಕೂಡಲೇ ಮಾಸಿದ್ದು, ಎರಡೂ ನನಗೆ ಸಿಕ್ಕಿದ್ದು ಈ ಕ್ಯಾಮೆರಾದಲ್ಲೇ.

ಕೊರತೆ ಇಲ್ಲ ಅಂತಲ್ಲ. ಇದರ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಫಲಕ, ತೀರಾ ಚಿಕ್ಕದು. ನನ್ನ ಹಳೆಯ ಡಿಎಸ್‌ಎಲ್‌ಆರ್‌ನ ಸೆನ್ಸರ್ ಇದರ ಹೆಚ್ಚೂಕಡಿಮೆ ಹನ್ನೆರಡು ಪಟ್ಟು ದೊಡ್ಡದು. ಬಿಸಿಲಿದ್ದರೆ ಗೊತ್ತಾಗುವುದಿಲ್ಲ. ಕರಿಬೇವಿನ ನೆರಳಿಗೆ ಹೋದರೆ ಚಿತ್ರದ ತುಂಬ ಮರಳು ಚೆಲ್ಲಿದ ಹಾಗೆ ಕಾಳು ಕಾಳು. ಇನ್ನೊಂದು, ಹತ್ತು ಗಂಟೆ ದಾಟಿದ ಮೇಲೆ ಬಂಡೆಯಿಂದ ಬಿಸಿಗಾಳಿ ಏಳುತ್ತದೆ. ಅಷ್ಟು ದೂರದ ಜೂಮಿನಲ್ಲಿ ಆ ಗಾಳಿಯ ನಡುಕವೂ ಚಿತ್ರಕ್ಕೆ ಬರುತ್ತದೆ. ಫೋಕಸ್ ತಪ್ಪಿದೆ ಅಂದುಕೊಂಡು ಎಷ್ಟೋ ಚಿತ್ರ ಅಳಿಸಿದ ಮೇಲೆ ನನಗೆ ಇದು ಹೊಳೆಯಿತು. ಹತ್ತರೊಳಗೆ ಮುಗಿಸಬೇಕು.

ಪುತ್ತೂರಿನ ತಂಗಿ ಮನೆಯಲ್ಲಿ ಇದು ಇನ್ನೊಮ್ಮೆ ಗೆದ್ದಿತು. ಅವರ ಅಡಿಕೆ ತೋಟದಲ್ಲಿ ಹಾರುವ ಓತಿ ಇದೆ. ಪಕ್ಕೆಲುಬು ಚಾಚಿ ಚರ್ಮವನ್ನು ಕೊಡೆಯ ಹಾಗೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಕೂತಾಗ ತೊಗಟೆಯಲ್ಲೇ ಕರಗಿ ಹೋಗುತ್ತದೆ. ಗಂಡು ಗಂಟಲಿನ ಹಳದಿ ಚೀಲವನ್ನು ಆಗಾಗ ಚಾಚಿ ಮಡಚುತ್ತದೆ, ಹುಡುಕಲು ಅದೊಂದೇ ಗುರುತು. ಇಪ್ಪತ್ತು ಅಡಿ ಎತ್ತರದಲ್ಲಿ ಆ ಹಳದಿ ಮಿಂಚಿದ್ದನ್ನು ಹಿಡಿಯಲು ನನ್ನ 250ರಿಂದ ಆಗಲಿಲ್ಲ. ಸೂಪರ್ ಜೂಮಿಗೆ ಆಯಿತು. ಆ ಕಡೆ ಹಾವುರಾಣಿಗೆ ಅರಣೆ ಅನ್ನುತ್ತಾರೆ, ಕಚ್ಚಿದರೆ ಸಾವೇ ಅಂತ ಹೆದರುವವರೂ ಇದ್ದಾರೆ. ಹಾವುರಾಣಿಗೆ ವಿಷವಿಲ್ಲ.

55-250, ಮತ್ತೆ ಆ ಒಂದು ಬೆಳಗು

ನಾನು ಕೊಂಡದ್ದು ಕ್ಯಾನನ್ 55-250 ಎಸ್‌ಟಿಎಂ, ಹಳೆಯದು. ಇದನ್ನು ಮಾಡಿದ್ದು ಹಲ್ಲಿ ಓತಿಗಳಿಗೆ ಅಂತ ಅಲ್ಲ. ಮದುವೆ ಮನೆಯಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ ಎಲ್ಲರ ಕೈಯಲ್ಲೂ ಕಾಣುವ ಸಾಧಾರಣ ಜೂಮ್. ಇದರ ಒಂದು ಗುಣ ಮಾತ್ರ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. 250ಕ್ಕೆ ಎಳೆದರೂ 85 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಆಗುತ್ತದೆ. ಆಗ ಚೌಕಟ್ಟಿನ ಅಗಲ ಸುಮಾರು ಏಳೂವರೆ ಸೆಂಟಿಮೀಟರ್. ದೊಡ್ಡ ಓತಿಕ್ಯಾತದ ತಲೆ ಹೆಗಲು ತುಂಬುತ್ತದೆ, ಹಲ್ಲಿಯ ಮೈ ತಲೆಯಿಂದ ಬಾಲದ ಬುಡದವರೆಗೆ ಸರಿಯಾಗಿ ಹಿಡಿಯುತ್ತದೆ. ಒಂದು ಮಾರಿಗೆ ಹಿಂದೆ ಸರಿದರೆ ಓತಿಕ್ಯಾತದ ಪೂರ್ತಿ ಮೈ, ಕೂತ ಚಪ್ಪಡಿ, ಪಕ್ಕದ ಹಾಗಲ ಬಳ್ಳಿ ಎಲ್ಲ ಬರುತ್ತದೆ. ಓತಿಕ್ಯಾತ ನಮ್ಮನ್ನು ಇಡುವ ದೂರವೂ ಅಷ್ಟೇ, ನೋಡಿ.

ಕಳೆದ ಜೂನ್‌ನಲ್ಲಿ ಎರಡು ದಿನ ಮಳೆ ಬಂದು ಮಣ್ಣು ಮೆತ್ತಗಾಗಿತ್ತು. ಬೆಳಗ್ಗೆ ಅತ್ತೆ ದಾಸವಾಳ ಬಿಡಿಸಲು ಹೋದವರು ಅಲ್ಲೇ ನಿಂತು ಕೈಸನ್ನೆ ಮಾಡಿದರು. ಗಿಡದ ಬುಡದಲ್ಲಿ ಹೊಟ್ಟೆ ತುಂಬಿದ ಹೆಣ್ಣು ಓತಿಕ್ಯಾತ ಮಣ್ಣು ಕೆರೆಯುತ್ತಿತ್ತು. ನಾನು ಓಡಿ ಹತ್ತಿರ ಹೋಗಬೇಕು ಅಂದುಕೊಂಡೆ. ‘ಸುಮ್ನೆ ಕೂತ್ಕೊಳೇ, ಮೊಟ್ಟೆ ಇಡೋಕೆ ಬಂದಿದೆ’ ಅಂದರು ಅತ್ತೆ. ಒಗೆಯೋ ಕಲ್ಲಿನ ಮೇಲೆ ಕೂತೆ. ಅಲ್ಲಿಂದ ಮೂರು ಮೀಟರ್. ಮುಂಗಾಲಲ್ಲಿ ಕೆರೆದು, ಹಿಂಗಾಲಲ್ಲಿ ಮಣ್ಣು ತಳ್ಳಿ, ಗುಂಡಿಗೆ ಹಿಂಬದಿ ಇಳಿಸಿ, ಮೊಟ್ಟೆ ಇಟ್ಟು, ಮತ್ತೆ ಮಣ್ಣು ಮುಚ್ಚಿ, ಅದನ್ನು ತಟ್ಟಿ ಸಮ ಮಾಡಿ ಹೋಗುವವರೆಗೆ ಅಲುಗಾಡದೆ ಕೂತಿದ್ದೆವು. ಇಬ್ಬರ ಕಾಫಿಯೂ ಆರಿತು. 250ರಲ್ಲಿ ನಾನು ತೆಗೆದ ನೂರ ಹನ್ನೆರಡು ಚಿತ್ರಗಳಲ್ಲಿ ಒಂದರಲ್ಲಿ ಬೆಳ್ಳಗೆ ಉದ್ದನೆಯ ಮೊಟ್ಟೆ ಕಾಣುತ್ತದೆ, ಮಣ್ಣು ಮೆತ್ತಿದ ಮೂತಿ ಕಾಣುತ್ತದೆ. ಅವತ್ತು ಕೈಯಲ್ಲಿ ಮ್ಯಾಕ್ರೊ ಇದ್ದಿದ್ದರೆ ನಾನು ಹತ್ತಿರ ಹೋಗುತ್ತಿದ್ದೆ, ಅದು ಗುಂಡಿ ಬಿಟ್ಟು ಓಡುತ್ತಿತ್ತು. ಆ ಜಾಗಕ್ಕೆ ಅತ್ತೆ ನಾಲ್ಕು ಕಲ್ಲು ಸುತ್ತ ಇಟ್ಟು ಯಾರೂ ಗುದ್ದಲಿ ಹಾಕದ ಹಾಗೆ ನೋಡಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ ಕರಿಬೇವಿನ ಗಿಡದಲ್ಲಿ ಬೆರಳುದ್ದದ ಮರಿಗಳು ಕಂಡವು.

ಈ ಲೆನ್ಸಿನಲ್ಲಿ ನಾನು ಇಟ್ಟುಕೊಳ್ಳುವ ಲೆಕ್ಕ ಸರಳ. ಬೆಳಕಿನ ಕಿಂಡಿ ಎಫ್ 8, ಶಟರ್ ತೆರೆದಿರುವುದು ಸೆಕೆಂಡಿನ 1/500 ಭಾಗ, ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ ಲೆಕ್ಕವನ್ನು ಅದರ ಪಾಡಿಗೆ ಬಿಟ್ಟಿದ್ದೇನೆ. ತೀರಾ ಹತ್ತಿರದ ಫೋಕಸಿನಲ್ಲೂ ನಾಲ್ಕೂವರೆ ಮಿಲಿಮೀಟರಿನಷ್ಟು ಆಳ ಚೊಕ್ಕವಾಗಿ ಬರುತ್ತದೆ. ಓತಿಕ್ಯಾತ ಪಕ್ಕಕ್ಕೆ ತಿರುಗಿ ಕೂತಿದ್ದರೆ ಕಣ್ಣು, ಕಿವಿ, ಕಿವಿಯ ಮೇಲಿನ ಎರಡು ಬಿಡಿ ಮುಳ್ಳು ಎಲ್ಲ ಒಂದೇ ಮಟ್ಟದಲ್ಲಿ ಸಿಗುತ್ತವೆ. ಆ ಎರಡು ಮುಳ್ಳು ಗುರುತಿಗೆ ಬಹಳ ಮುಖ್ಯ. ಹಾಗಾಗಿ ಪಕ್ಕದ ನೋಟದ ಒಂದು ಫೋಟೊ ಇರಲೇಬೇಕು.

100 ಮ್ಯಾಕ್ರೊ

ಮೂರು ದಿನದ ಬಾಡಿಗೆ. ಮೊದಲ ದಿನದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿದಾಗ ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ಹಲ್ಲಿಯ ಕಣ್ಣಿನ ಪಾಪೆ ಬೆಳಕಿನಲ್ಲಿ ನೆಟ್ಟಗಿನ ಸೀಳಾಗುತ್ತದೆ, ಅದರ ಅಂಚು ಸುಕ್ಕು ಸುಕ್ಕು. ಸುತ್ತಲಿನ ಬಣ್ಣ ಗೇರುಬೀಜದ ಹಾಗೆ. ಇಂಥ ವಿವರ ಬೇರೆ ಯಾವುದರಲ್ಲೂ ಬರಲಿಲ್ಲ. ಚೊಕ್ಕತನ ಒಂದನ್ನೇ ನೋಡಿದರೆ ಐದರಲ್ಲಿ ಇದಕ್ಕೇ ಮೊದಲ ಜಾಗ, ಅನುಮಾನವಿಲ್ಲ.

ಕಷ್ಟ ದೂರದ್ದು. ಪ್ರಾಣಿಯ ನಿಜವಾದ ಅಳತೆಯೇ ಸೆನ್ಸರ್ ಮೇಲೆ ಬೀಳಬೇಕು ಅಂದರೆ ಲೆನ್ಸಿನ ತುದಿಯಿಂದ ಪ್ರಾಣಿಗೆ 15 ಸೆಂಟಿಮೀಟರ್ ಮಾತ್ರ ಉಳಿಯುತ್ತದೆ, ಒಂದು ಗೇಣೂ ಇಲ್ಲ. ಆಗ ಎಫ್ 8ರಲ್ಲೂ ಚೊಕ್ಕವಾಗಿ ಬರುವ ಆಳ ಅರ್ಧ ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ ಅಷ್ಟೇ. ಹಲ್ಲಿ ಉಸಿರಾಡಿದರೆ ಫೋಕಸ್ ಹೋಯಿತು, ನಾನು ಉಸಿರಾಡಿದರೂ ಹೋಯಿತು. ಓತಿಕ್ಯಾತದ ಮೇಲೆ ಮೂರು ದಿನದಲ್ಲಿ ನನಗೆ ಸಿಕ್ಕಿದ್ದು ನಾಲ್ಕು ಒಳ್ಳೆ ಚಿತ್ರ. ಅವೂ ರಾತ್ರಿ ಮಲಗಿದ್ದಾಗ. ಹಾವುರಾಣಿ ಒಂದೂ ಇಲ್ಲ. ಬಂಡೆ ಓತಿಯ ಹತ್ತಿರ ಹೋಗುವ ಮಾತೇ ಬರಲಿಲ್ಲ.

ಮ್ಯಾಕ್ರೊ ಬಯಸುವವರಿಗೆ ನಡುವಿನ ದಾರಿ ಒಂದಿದೆ. 55-250ರ ಮುಂದೆ ಸಿಕ್ಕಿಸುವ ಕ್ಲೋಸಪ್ ಗಾಜು. ನನ್ನ ಹತ್ತಿರ ಇರುವುದು ರೇನಾಕ್ಸ್ 150, ಅದರ ಪವರ್ 4.8 ಡಯಾಪ್ಟರ್. ಹಾಕಿದ ಮೇಲೆ ಪ್ರಾಣಿಯಿಂದ ಒಂದು ಗೇಣಿನ ದೂರ ಇಟ್ಟುಕೊಳ್ಳಬೇಕು, ಜೂಮ್ ಹಿಂದೆ ಮುಂದೆ ಮಾಡಿ ಎಷ್ಟು ದೊಡ್ಡದು ಬೇಕೋ ನೋಡಿಕೊಳ್ಳಬಹುದು. ಕರಿಬೇವಿನ ಮರಿಗಳ ಮುಖವನ್ನು ನಾನು ತೆಗೆದದ್ದು ಇದರಲ್ಲಿ. ಬಾಡಿಗೆ ಮ್ಯಾಕ್ರೊದ ಚಿತ್ರದ ಪಕ್ಕ ಇಟ್ಟರೆ ಅಂಚುಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, ನಡುವಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ಹುಡುಕುವುದರಲ್ಲೂ ಹೋಲಿಕೆ ಇದೆ

ಮೊದಲ ವರ್ಷ ನಾನು ಕ್ಯಾಮೆರಾ ಹಿಡಿದು ಹಿತ್ತಲೆಲ್ಲ ಸುತ್ತುತ್ತಿದ್ದೆ. ಅರ್ಧ ಗಂಟೆಗೆ ಒಂದೋ ಎರಡೋ ಕಾಣುತ್ತಿದ್ದವು, ಅವೂ ಓಡುವಾಗ. ಅತ್ತೆಯ ಮಾತಿನ ಹಾಗೆ ಒಗೆಯೋ ಕಲ್ಲಿನ ಮೇಲೆ ಸುಮ್ನೆ ಕೂರಲು ಕಲಿತ ಮೇಲೆ ಲೆಕ್ಕ ಬದಲಾಯಿತು. ಹತ್ತು ನಿಮಿಷ ಏನೂ ಇಲ್ಲ. ಹದಿನೈದನೇ ನಿಮಿಷಕ್ಕೆ ಮಟ್ಟೆ ರಾಶಿಯಲ್ಲಿ ಸರಸರ. ಇಪ್ಪತ್ತಕ್ಕೆ ಹಾವುರಾಣಿಯ ತಲೆ ಬಿಸಿಲಿಗೆ ಬರುತ್ತದೆ. ಇರುವೆ ಸಾಲು ಹರಿಯುವ ಕಡೆ ಮುಖ ಮಾಡಿ ಕೂರುವುದು ಒಳ್ಳೆಯದು. ಓತಿಕ್ಯಾತ ಆ ಸಾಲಿನ ಪಕ್ಕ ಕೂತು ಒಂದೊಂದೇ ಹೆಕ್ಕುತ್ತದೆ, ಬೇರೆ ಕಡೆ ಹೋಗುವುದಿಲ್ಲ. ಬೆಳಗ್ಗೆ ಎಂಟರಿಂದ ಹತ್ತು ಸರಿಯಾದ ಹೊತ್ತು. ಮೈ ಇನ್ನೂ ಕಾಯುತ್ತಿರುತ್ತದೆ, ಬಿಸಿಲು ಬಿಟ್ಟು ಹೋಗಲು ಅವಕ್ಕೆ ಮನಸ್ಸಿರುವುದಿಲ್ಲ.

ಎಣಿಕೆಯಲ್ಲಿ ಮಾತ್ರ ರಾತ್ರಿಯ ಟಾರ್ಚೇ ಮುಂದು. ಓತಿಕ್ಯಾತ ಸಣ್ಣ ಕೊಂಬೆಯ ತುದಿಯಲ್ಲಿ ಮಲಗುತ್ತದೆ. ಹಾವೋ ಬೆಕ್ಕೋ ಬಂದರೆ ಕೊಂಬೆ ಅಲುಗುತ್ತದೆ, ಎಚ್ಚರವಾಗುತ್ತದೆ. ಟಾರ್ಚ್ ಬೆಳಕಿಗೆ ಅದರ ಮೈ ಎಲೆಗಳ ನಡುವೆ ಬೆಳ್ಳಗೆ ಕಾಣುತ್ತದೆ. ಹಗಲಲ್ಲಿ ಒಂದೇ ಕಂಡಿದ್ದ ದಾಸವಾಳದ ಸಾಲಿನಲ್ಲಿ ಒಂದು ರಾತ್ರಿ ನಾಲ್ಕು ಎಣಿಸಿದೆ. ಆದರೆ ಮಲಗಿದ್ದನ್ನು ಎಬ್ಬಿಸಿದರೆ ಕತ್ತಲಲ್ಲಿ ಕೆಳಗೆ ಬೀಳುತ್ತದೆ, ಮತ್ತೆ ಜಾಗ ಹುಡುಕಿಕೊಳ್ಳುವುದು ಕಷ್ಟ. ಅದಕ್ಕೇ ಎರಡು ಮೂರು ಚಿತ್ರ ತೆಗೆದು ಟಾರ್ಚ್ ಆರಿಸುತ್ತೇನೆ, ಕೊಂಬೆ ಮುಟ್ಟುವುದಿಲ್ಲ. ಹಲ್ಲಿಗೆ ನೇರ ಫ್ಲ್ಯಾಶ್ ಹೊಡೆಯುವುದನ್ನೂ ಬಿಟ್ಟಿದ್ದೇನೆ. ಅದಕ್ಕೆ ಮುಚ್ಚಿಕೊಳ್ಳಲು ರೆಪ್ಪೆ ಇಲ್ಲ, ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ಕತ್ತಲಿಗೆ ಹೊಂದಿದ ಕಣ್ಣು ಅದು. ಟ್ಯೂಬ್‌ಲೈಟಿನ ಬೆಳಕೇ ಸಾಕು, ಐಎಸ್‌ಒ ಏರಲಿ.

ಹಾವುರಾಣಿಗೆ ಮೋಡದ ದಿನ ಬೇಕು. ಅದರ ಹುರುಪೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ನೆತ್ತಿ ಬಿಸಿಲಿನಲ್ಲಿ ತೆಗೆದರೆ ಬೆನ್ನಿನ ಮೇಲೆ ಬಿಳಿ ಕಲೆ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಆಷಾಢದ ಮೋಡದಲ್ಲಿ, ಆಗಷ್ಟೇ ಒಂದು ಗಳಿಗೆ ಬೆಚ್ಚಗಾದಾಗ, ಬೆನ್ನಿನ ಕಂಚಿನ ಬಣ್ಣ ಸರಿಯಾಗಿ ಬರುತ್ತದೆ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಸ್ವಲ್ಪ ಸಹಾಯ ಮಾಡಿತು, ಮೋಡದಷ್ಟಲ್ಲ.

ಕೊಳ್ಳುವವರಿಗೆ

ಹತ್ತಿರ ಏನೂ ಇಲ್ಲದಿದ್ದರೆ ಇರುವ ಫೋನಿನಲ್ಲೇ ಕಿಟಕಿಯ ಹಲ್ಲಿಯಿಂದ ಶುರು ಮಾಡಿ. ದುಡ್ಡು ಹಾಕುವುದಾದರೆ ನನ್ನ ಓಟು ಹಳೆಯ ಡಿಎಸ್‌ಎಲ್‌ಆರ್ ಮತ್ತು 55-250ಕ್ಕೆ. ಬೇರೆ ಕಂಪನಿಯದಾದರೂ ಪರವಾಗಿಲ್ಲ, 250 ಅಥವಾ 300ರಲ್ಲಿ ಎಷ್ಟು ಹತ್ತಿರ ಫೋಕಸ್ ಆಗುತ್ತದೆ ಅನ್ನುವುದನ್ನು ಮೊದಲು ಓದಿ. ಒಂದು ಮೀಟರಿನ ಆಸುಪಾಸು ಇದ್ದರೆ ಸರಿ. ಹಳೆಯ ಲೆನ್ಸ್ ಕೊಳ್ಳುವಾಗ ಟಾರ್ಚ್ ಹಿಡಿದು ಒಳಗಡೆ ನೋಡಿ. ನಾನು ಮೊದಲು ಕೊಂಡ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಿಡಿದಿತ್ತು, ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕ್ಲೋಸಪ್ ಗಾಜು ಮಳೆಗಾಲಕ್ಕೆ, ಮರಿಗಳು ಬರುವ ಹೊತ್ತಿಗೆ ತೆಗೆದುಕೊಂಡರೆ ಸಾಕು. ಹಿತ್ತಲಿನಲ್ಲಿ ಬಂಡೆ ಇದ್ದು ಬಂಡೆ ಓತಿ ಇದ್ದರೆ, ಅಥವಾ ಮಲೆನಾಡು ಕರಾವಳಿಯ ಅಡಿಕೆ ತೋಟ ಇದ್ದರೆ, ಸೂಪರ್ ಜೂಮ್ ನೋಡಿ. 100 ಮ್ಯಾಕ್ರೊ ಕೊಳ್ಳುವ ಮೊದಲು ಮೂರು ದಿನ ಬಾಡಿಗೆಗೆ ತಂದು ನಿಮ್ಮ ಹಿತ್ತಲಿನವು ಒಂದು ಗೇಣು ಹತ್ತಿರ ಬಿಡುತ್ತವಾ ಅಂತ ನೋಡಿಕೊಳ್ಳಿ.

ಬಚ್ಚಲಮನೆಯ ಆ ಹಲ್ಲಿ ಇನ್ನೂ ಇದೆ. ಹೊಸ ಬಾಲ ಬಂದಿದೆ, ಮೋಟು, ಒಂದೇ ಬಣ್ಣದ್ದು. ನಿನ್ನೆ ರಾತ್ರಿ ಅದು ಅಡುಗೆಮನೆ ಕಿಟಕಿಯ ಗಾಜಿಗೆ ಬಂದಿತ್ತು. ಫೋನಿನಲ್ಲಿ ಒಳಗಿನಿಂದ ಎರಡು ಚಿತ್ರ ತೆಗೆದೆ.